ಕ್ಲೈಂಟ್ "ಅಬೊರಿಜಿನಲ್ ಥರ ಚುಕ್ಕೆ ಹಾಕಿ ಲೋಗೋ ಮಾಡಿ" ಅಂದರೆ ಏನು ಮಾಡುವುದು?

ಯಾರಾ_ದಂಡೆ:
ಎಲ್ಲರಿಗೂ ನಮಸ್ಕಾರ. ನಾನು ಮೆಲ್ಬರ್ನ್‌ನಲ್ಲಿ ಗ್ರಾಫಿಕ್ ಡಿಸೈನ್ ಕೆಲಸ ಮಾಡುತ್ತೇನೆ, ಊರು ದಾವಣಗೆರೆ. ಇಲ್ಲಿನ ಒಂದು ಕ್ಲಿನಿಕ್‌ನವರು ಹೊಸ ಲೋಗೋ, ಬಾಗಿಲ ಬೋರ್ಡು, ಕರಪತ್ರ ಎಲ್ಲ ಮಾಡಿಕೊಡಿ ಅಂತ ಬಂದಿದ್ದಾರೆ. ಇಲ್ಲಿನ ಮೂಲನಿವಾಸಿಗಳು, ಅಂದರೆ ಅಬೊರಿಜಿನಲ್ ಜನ, ಒಳಗೆ ಕಾಲಿಟ್ಟರೆ ಇದು ತಮ್ಮದೇ ಜಾಗ ಅನ್ನಿಸಬೇಕು ಅನ್ನೋದು ಅವರ ಆಸೆ. ಅದಕ್ಕೆ "ಚುಕ್ಕೆ ಚಿತ್ರದ ಥರ ಏನಾದರೂ ಮಾಡಿ" ಅಂದರು. ಕಳಿಸಿರುವ ಮಾದರಿ ಹಾಳೆಯಲ್ಲಿ ಕಾವಿ ಬಣ್ಣದ ಹಿನ್ನೆಲೆ, ಬಿಳಿ ಚುಕ್ಕೆಗಳ ಸುಳಿ, ಒಂದು ಬೂಮರಾಂಗ್, ಒಂದು ಉಡ, ಮೂಲೆಯಲ್ಲಿ ಅಂಗೈ ಗುರುತು. ಎಲ್ಲವೂ ಸ್ಟಾಕ್ ಸೈಟಿನಿಂದ ಎತ್ತಿದ್ದು.

ಅವರ ಮನಸ್ಸು ಒಳ್ಳೆಯದೇ, ಅದರಲ್ಲಿ ಅನುಮಾನ ಇಲ್ಲ. ನನಗೆ ಮಾತ್ರ ಕೈ ಓಡುತ್ತಿಲ್ಲ. ಬಿಡಿಸುವುದು ಕಷ್ಟ ಅಂತಲ್ಲ. ಇಲ್ಲಸ್ಟ್ರೇಟರ್‌ನಲ್ಲಿ ಒಂದು ಚುಕ್ಕೆ ಬ್ರಷ್ ಮಾಡಿಕೊಂಡರೆ ಸಂಜೆಯೊಳಗೆ ಮುಗಿದುಹೋಗುತ್ತದೆ. ಅಷ್ಟು ಸುಲಭವಾಗಿ ಮುಗಿಯುತ್ತದೆ ಅನ್ನುವುದೇ ನನಗೆ ಹಿಡಿಸುತ್ತಿಲ್ಲ. ಇಂಥ ಕೆಲಸ ಮಾಡಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಗೆರೆ_ಬಣ್ಣ:
ಮೊದಲು ಚುಕ್ಕೆಯ ವಿಷಯಕ್ಕೇ ಬರೋಣ. ನಾವೆಲ್ಲ "ಅಬೊರಿಜಿನಲ್ ಕಲೆ" ಅಂತ ತಲೆಯಲ್ಲಿ ಇಟ್ಟುಕೊಂಡಿರುವ ಚುಕ್ಕೆ ಚಿತ್ರ ಆಸ್ಟ್ರೇಲಿಯಾದ ನಡುವಿನ ಮರುಭೂಮಿಯ ಜನರದ್ದು. ಆಲಿಸ್ ಸ್ಪ್ರಿಂಗ್ಸ್‌ನಿಂದ ವಾಯವ್ಯಕ್ಕೆ ಸುಮಾರು 240 ಕಿಲೋಮೀಟರ್ ದೂರದಲ್ಲಿ ಪಪುನ್ಯಾ ಅಂತ ಒಂದು ಊರಿದೆ. 1971ರಲ್ಲಿ ಅಲ್ಲಿನ ಹಿರಿಯರು ಮೊದಲು ಶಾಲೆಯ ಗೋಡೆ ಮೇಲೆ, ಆಮೇಲೆ ಹಲಗೆಗಳ ಮೇಲೆ ಚಿತ್ರ ಬರೆಯಲು ಶುರು ಮಾಡಿದರು. ಅದಕ್ಕೂ ಮುಂಚೆ ಆ ವಿನ್ಯಾಸಗಳು ಮರಳಿನ ಮೇಲೆ, ಮೈಮೇಲೆ, ಆಚರಣೆಯ ಹೊತ್ತಿನಲ್ಲಿ ಮೂಡುತ್ತಿದ್ದವು. ಮರುವರ್ಷವೇ ಅವರು ಪಪುನ್ಯಾ ತುಲಾ ಅಂತ ತಮ್ಮದೇ ಕಲಾವಿದರ ಕಂಪನಿ ಕಟ್ಟಿಕೊಂಡರು.

ಇದರಲ್ಲಿ ಡಿಸೈನರುಗಳು ತಿಳಿಯಲೇಬೇಕಾದ ಸಂಗತಿ ಒಂದಿದೆ. ಮೊದಮೊದಲ ಹಲಗೆಗಳಲ್ಲಿ ಹೊರಗಿನವರು ನೋಡಬಾರದ ವಿಷಯಗಳೂ ಬಂದುಬಿಟ್ಟಿದ್ದವು. ಅದಕ್ಕೆ ಅವರವರಲ್ಲೇ ಆಕ್ಷೇಪ ಎದ್ದಿತು. ಆಮೇಲೆ ಅಂಥ ಭಾಗಗಳನ್ನು ಮರೆಮಾಡಲು ಚುಕ್ಕೆಗಳನ್ನು ತುಂಬಿಸಿದ್ದೂ ಉಂಟು. ಅಂದರೆ ನಿಮ್ಮ ಕ್ಲೈಂಟ್ ಅಲಂಕಾರ ಅಂದುಕೊಂಡಿರುವ ಚುಕ್ಕೆ ಕೆಲವು ಕಡೆ ಪರದೆಯ ಕೆಲಸ ಮಾಡುತ್ತಿದೆ. ಒಳಗೆ ಏನಿದೆ ಅಂತ ಗೊತ್ತಿಲ್ಲದವರು ಪರದೆಯನ್ನಷ್ಟೇ ನಕಲು ಮಾಡಿದರೆ ಏನು ಬಂತು?

ಇನ್ನು ಜಾಗದ ಮಾತು. ನೀವಿರುವುದು ಮೆಲ್ಬರ್ನ್. ಅದು ಕುಲಿನ್ ಜನರ ನೆಲ. ವುರುಂಡ್ಜೆರಿ, ಬುನುರಾಂಗ್ ಮುಂತಾದವರದ್ದು. ಅವರ ಚಿತ್ರಭಾಷೆ ಬೇರೆಯೇ. ಕೆತ್ತಿದ ಗೆರೆಗಳು, ವಜ್ರಾಕಾರ, ಅಂಕುಡೊಂಕು ಸಾಲುಗಳು. ಗುರಾಣಿಗಳ ಮೇಲೆ ಕೆತ್ತುತ್ತಿದ್ದರು, ಪಾಸಮ್ ಅನ್ನುವ ಪ್ರಾಣಿಯ ಚರ್ಮ ಹೊಲಿದು ಮಾಡಿದ ಹೊದಿಕೆಯ ಒಳಮೈಯಲ್ಲಿ ಕೊರೆಯುತ್ತಿದ್ದರು. 19ನೇ ಶತಮಾನದ ಕೊನೆಯಲ್ಲಿ ವುರುಂಡ್ಜೆರಿ ಹಿರಿಯ ವಿಲಿಯಂ ಬರಾಕ್ ಬರೆದ ಚಿತ್ರಗಳನ್ನು ನೋಡಿ. ಕುಣಿತಕ್ಕೆ ನಿಂತವರ ಹೊದಿಕೆಗಳಲ್ಲಿ ಆ ಗೆರೆಗಳು ಒಂದೊಂದಾಗಿ ಕಾಣುತ್ತವೆ. 2022ರಲ್ಲಿ ನ್ಯೂಯಾರ್ಕ್‌ನ ಹರಾಜಿನಲ್ಲಿ ಬರಾಕ್ ಅವರ ಒಂದು ಚಿತ್ರ, ಒಂದು ಗುರಾಣಿ ಬಂದಾಗ ವುರುಂಡ್ಜೆರಿ ಜನ ಹಣ ಹೊಂದಿಸಿ ಅದನ್ನು ಮನೆಗೆ ತಂದುಕೊಂಡರು. ಅಷ್ಟು ಜೀವಂತವಾಗಿದೆ ಆ ನಂಟು. ಅವರದೇ ಊರಿನ ಕ್ಲಿನಿಕ್ ಬಾಗಿಲಿಗೆ ಎರಡು ಸಾವಿರ ಕಿಲೋಮೀಟರ್ ಆಚೆಯವರ ಚುಕ್ಕೆ ಅಂಟಿಸಿದರೆ ಅದು ಸ್ವಾಗತ ಆಗುವುದಿಲ್ಲ.

ಸ್ಟುಡಿಯೋ_ಬಸವೇಶ್ವರನಗರ:
ಮೇಲಿನವರು ಹೇಳಿದ್ದೆಲ್ಲ ಒಪ್ಪಿದೆ. ಆದರೂ ನನ್ನದೊಂದು ನೇರ ಪ್ರಶ್ನೆ. ಶೈಲಿಗೆ ಯಾರಾದರೂ ಒಡೆಯರು ಇರುತ್ತಾರಾ? ಕಾಪಿರೈಟ್ ಕಾನೂನು ಶೈಲಿಯನ್ನು ಕಾಯುವುದಿಲ್ಲ ಅಂತ ನಾವೆಲ್ಲ ಕಲಿತಿದ್ದೇವೆ. ಬೆಂಗಳೂರಲ್ಲಿ ಯಾವ ಅಪಾರ್ಟ್‌ಮೆಂಟಿನ ಕಾಂಪೌಂಡ್ ನೋಡಿದರೂ ವಾರ್ಲಿ ಗೊಂಬೆಗಳು ಕುಣಿಯುತ್ತಿರುತ್ತವೆ. ಯಾರು ಯಾರನ್ನು ಕೇಳಿದರು? ಕಲೆ ಕೈಯಿಂದ ಕೈಗೆ ದಾಟಿಯೇ ಬೆಳೆದದ್ದು ಅಲ್ವಾ? ಹೀಗೆ ಎಲ್ಲದಕ್ಕೂ ಬೇಲಿ ಹಾಕುತ್ತಾ ಹೋದರೆ ನಮ್ಮಂಥ ಸಣ್ಣ ಸ್ಟುಡಿಯೋಗಳು ಏನು ಮಾಡಬೇಕು? ಜಗಳಕ್ಕೆ ಕೇಳುತ್ತಿಲ್ಲ, ನಿಜವಾಗಿ ತಿಳಿಯಬೇಕು.

ಕರಿಕೋಟು:
ಪ್ರಶ್ನೆ ಸರಿಯಾಗಿಯೇ ಇದೆ ಸರ್. ಕಾನೂನಿನ ಲೆಕ್ಕದಲ್ಲಿ ನೀವು ಹೇಳಿದ್ದು ಬಹುಪಾಲು ನಿಜ. ಶೈಲಿಗೆ ಕಾಪಿರೈಟ್ ಇಲ್ಲ. ಕಲಾವಿದ ತೀರಿಕೊಂಡು ಆಸ್ಟ್ರೇಲಿಯಾದಲ್ಲಿ 70, ನಮ್ಮಲ್ಲಿ 60 ವರ್ಷ ಆದ ಮೇಲೆ ಚಿತ್ರಕ್ಕೂ ಇಲ್ಲ. ವಾರ್ಲಿಗೆ ನಮ್ಮಲ್ಲಿ ಜಿಐ ಟ್ಯಾಗ್ ಇದೆ. ಅದು ಮುಖ್ಯವಾಗಿ ಹೆಸರನ್ನು ಕಾಯುತ್ತದೆ. ಗೋಡೆ ಮೇಲೆ ಆ ಥರ ಗೊಂಬೆ ಬರೆದವರನ್ನು ಅದು ಹಿಡಿಯುವುದು ಕಷ್ಟ.

ಆದರೆ ಕೋರ್ಟುಗಳು ಇದನ್ನು ಬರೀ ಶೈಲಿಯ ವಿಷಯ ಅಂತ ನೋಡಿ ಕೈತೊಳೆದುಕೊಂಡಿಲ್ಲ. ಆಸ್ಟ್ರೇಲಿಯಾದ ಕಾರ್ಪೆಟ್ ಕೇಸು ಓದಿ. ಪರ್ತ್‌ನ ಒಂದು ಕಂಪನಿ ದೇಶದ ಉತ್ತರ ತುದಿಯ ಆರ್ನಮ್ ಲ್ಯಾಂಡ್ ಮುಂತಾದ ಕಡೆಯ ಕಲಾವಿದರ ಚಿತ್ರಗಳನ್ನು ವಿಯೆಟ್ನಾಮ್‌ನಲ್ಲಿ ಕಾರ್ಪೆಟ್ ಮಾಡಿಸಿ ತಂದು ಮಾರಿತು. ಕಾರ್ಪೆಟ್ಟಿಗೆ ನೇತುಹಾಕಿದ ಚೀಟಿಯಲ್ಲಿ ಕಲಾವಿದರಿಗೆ ರಾಯಧನ ಸಲ್ಲುತ್ತಿದೆ ಅಂತ ಬರೆದಿತ್ತು. ಕಲಾವಿದರನ್ನು ಕೇಳಿಯೇ ಇರಲಿಲ್ಲ. ಆ ಕಲಾವಿದರಲ್ಲಿ ಒಬ್ಬರಾದ ಬಂಡುಕ್ ಮರಿಕಾ ಅವರ ಚಿತ್ರದಲ್ಲಿದ್ದದ್ದು ಅವರ ಕುಲದ ಪವಿತ್ರ ನೀರಿನ ತಾಣ. ಅದರ ಮೇಲೆ ಜನ ಕಾಲಿಟ್ಟು ನಡೆಯುವ ಹಾಗಾಯಿತು. ತಾವು ಒಪ್ಪಿಗೆ ಕೊಡದಿದ್ದರೂ ತಮ್ಮ ಜನರ ಎದುರು ಅದಕ್ಕೆ ಉತ್ತರ ಹೇಳಬೇಕಾದವರು ಅವರೇ. 1994ರಲ್ಲಿ ಫೆಡರಲ್ ಕೋರ್ಟ್ ಸುಮಾರು 1.88 ಲಕ್ಷ ಆಸ್ಟ್ರೇಲಿಯನ್ ಡಾಲರ್ ಪರಿಹಾರ ಕೊಡಿಸಿತು. ಮಾರಾಟದ ನಷ್ಟದ ಜೊತೆಗೆ, ತಮ್ಮ ಜನರ ನಡುವೆ ಕಲಾವಿದರಿಗೆ ಆದ ನೋವನ್ನೂ ಲೆಕ್ಕಕ್ಕೆ ಹಿಡಿಯಿತು.

1998ರಲ್ಲಿ ಇನ್ನೊಂದು ತೀರ್ಪು ಬಂತು. ಜಾನಿ ಬುಲುನ್ ಬುಲುನ್ ಅವರ ಚಿತ್ರವನ್ನು ಬಟ್ಟೆ ಮೇಲೆ ಅಚ್ಚು ಹಾಕಿಸಿದ ಕೇಸು. ಕಾಪಿರೈಟ್ ಕಲಾವಿದನದ್ದೇ, ಆದರೆ ಆ ಚಿತ್ರವನ್ನು ತನ್ನ ಗನಲ್‌ಬಿಂಗು ಜನರ ಕಟ್ಟಳೆಗೆ ವಿರುದ್ಧವಾಗಿ ಬಳಸದಿರುವ ಹೊಣೆ ಆತನ ಮೇಲಿದೆ ಅಂತ ನ್ಯಾಯಾಧೀಶರು ಹೇಳಿದರು. ಅಂದರೆ ಚಿತ್ರ ಬರೆದವರೇ ತಮಗೆ ತೋಚಿದ ಹಾಗೆ ಮಾರುವಂತಿಲ್ಲ. ಇನ್ನು ನೀವು, ನಾನು?

ಮತ್ತೊಂದು ಮಾತು. 2019ರಲ್ಲಿ ಬಿರುಬಿ ಆರ್ಟ್ ಅನ್ನುವ ಕಂಪನಿಗೆ 23 ಲಕ್ಷ ಡಾಲರ್ ದಂಡ ಬಿತ್ತು. ಇಂಡೋನೇಷ್ಯಾದಲ್ಲಿ ತಯಾರಾದ ಬೂಮರಾಂಗ್, ಡಿಜರಿಡೂ ಅನ್ನುವ ಊದುವ ವಾದ್ಯ ಇಂಥವನ್ನು ಅಬೊರಿಜಿನಲ್ ಕೈಕೆಲಸ ಅನ್ನಿಸುವ ಹಾಗೆ ಮಾರಿದ್ದಕ್ಕೆ. ಅಲ್ಲಿ ಬಳಸಿದ್ದು ಕಾಪಿರೈಟ್ ಅಲ್ಲ, ಗ್ರಾಹಕರಿಗೆ ಮೋಸ ಮಾಡಬಾರದು ಅನ್ನುವ ಕಾನೂನು. ಅಂಗಡಿಗಳಲ್ಲಿ ಸಿಗುವ ಆ ಥರದ ಸ್ಮರಣಿಕೆಗಳಿಗೆ ಜನ ಖರ್ಚು ಮಾಡುವ ದುಡ್ಡಿನಲ್ಲಿ ಅರ್ಧಕ್ಕಿಂತ ಜಾಸ್ತಿ ಮೂಲನಿವಾಸಿಗಳು ಮಾಡದ ವಸ್ತುಗಳಿಗೇ ಹೋಗುತ್ತದೆ ಅಂತ ಅಲ್ಲಿನ ಸರ್ಕಾರದ ಉತ್ಪಾದಕತಾ ಆಯೋಗ 2022ರಲ್ಲಿ ವರದಿ ಕೊಟ್ಟಿದೆ. ನಾವು ಸುಮ್ನೆ ಒಂದು ಚುಕ್ಕೆ ಬ್ರಷ್ ಬಳಸಿದರೂ ಆ ರಾಶಿಗೇ ಸೇರುತ್ತದೆ.

ಸಾಗರದ_ಹುಡುಗಿ:
ಇಲ್ಲಿ ಮಾತಾಡಲೇಬೇಕು ಅನ್ನಿಸಿತು. ನಮ್ಮ ಕಡೆ ದೀವರ ಮನೆಗಳಲ್ಲಿ ಮದುವೆ ಬಂತೆಂದರೆ ಹಸೆ ಚಿತ್ತಾರ ಬರೆಯುತ್ತಾರೆ. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ಅರೆದು ಮಾಡಿದ ಬಿಳಿ ಬಣ್ಣ, ಪುಂಡಿ ನಾರಿನ ಕುಂಚ. ಬರೆಯುವವರು ಹೆಚ್ಚಾಗಿ ಹೆಂಗಸರು, ಹಾಡು ಹೇಳಿಕೊಂಡೇ ಬರೆಯುತ್ತಾರೆ. ಗೆರೆ ನೇರ ಬರಬೇಕು. ಕುಂಚವನ್ನು ಬಣ್ಣಕ್ಕೆ ಅದ್ದಿ, ಎಷ್ಟು ಬೇಕೋ ಅಷ್ಟು ಮಾತ್ರ ಹಿಂಡಿ, ಉಸಿರು ಹಿಡಿದು ಎಳೆಯುತ್ತಾರೆ. ಒಂದು ಗೆರೆ ಕೆಟ್ಟರೆ ಪಕ್ಕದ ಗೆರೆಗಳೂ ಕೆಡುತ್ತವೆ. ಗೆರೆಗಳ ನಡುವೆ ಹುಡುಗ ಹುಡುಗಿ ಬಾಸಿಂಗ ಕಟ್ಟಿಕೊಂಡು ಕೂತಿರುತ್ತಾರೆ.

ಈಗ ಒಂದು ರೆಸಾರ್ಟಿನವರು ಅದನ್ನು ಫೋಟೋ ತೆಗೆದು, ವೆಕ್ಟರ್ ಮಾಡಿಸಿ, ಬಾತ್‌ರೂಮ್ ಟೈಲ್ಸ್ ಮೇಲೆ ಹಾಕಿಸಿದ್ದಾರೆ. ಮದುಮಕ್ಕಳ ಚಿತ್ರ ಬಚ್ಚಲಲ್ಲಿ. ಗೋಡೆ ಬರೆದ ಅಜ್ಜಿಯ ಹೆಸರೂ ಇಲ್ಲ, ಒಂದು ರೂಪಾಯಿ ಬರಲೂ ಇಲ್ಲ. ಆಸ್ಟ್ರೇಲಿಯಾದವರ ಜೊತೆ ನಮ್ಮದನ್ನು ಸಮ ಮಾಡಿ ಹೇಳುತ್ತಿಲ್ಲ. ಅವರ ನೆಲ, ಮಕ್ಕಳು, ಭಾಷೆ ಎಲ್ಲವನ್ನೂ ಕಿತ್ತುಕೊಂಡಿದ್ದರು. ಅದರ ಮೇಲೆ ಚಿತ್ರವನ್ನೂ ಕಿತ್ತುಕೊಂಡರೆ ಹೇಗಿರಬೇಕು ಅಂತ ಯೋಚಿಸುವುದಕ್ಕೇ ಆಗುವುದಿಲ್ಲ. ಸ್ಟುಡಿಯೋ ಸರ್, ಕಲೆ ಕೈಯಿಂದ ಕೈಗೆ ದಾಟಿತು ಅಂದಿರಿ. ಕೊಡುವ ಕೈ ಕೊಟ್ಟಾಗ ಮಾತ್ರ ಅದು ದಾಟಿದ ಹಾಗೆ.

ಕಡಲತಡಿ:
ಅಕ್ಕ ಹೇಳಿದ್ದು ನೂರಕ್ಕೆ ನೂರು ನಿಜ. ನಾನು ಮಂಗಳೂರಿನವನು. ದೈವದ ವೇಷ ಹಾಕಿಕೊಂಡು ಮದುವೆ ಹಾಲ್‌ನಲ್ಲಿ, ಕಾಲೇಜು ವೇದಿಕೆಯಲ್ಲಿ ಕುಣಿಯುವವರನ್ನು ಕಂಡಾಗ ನಮ್ಮ ಊರಿನವರಿಗೆ ಹೊಟ್ಟೆ ಉರಿಯುತ್ತದೆ. ಕುಣಿಯುವವರಿಗೆ ಭಕ್ತಿಯೂ ಇರಬಹುದು. ಆದರೆ ಅಣಿ (ದೈವದ ವೇಷದಲ್ಲಿ ಬೆನ್ನಿಗೆ ಕಟ್ಟುವ ದೊಡ್ಡ ಅಲಂಕಾರ) ಕಟ್ಟುವ ಹಕ್ಕು ಯಾರಿಗೆ, ಯಾವ ಜಾಗದಲ್ಲಿ, ಯಾವ ದಿನ ಅನ್ನುವುದಕ್ಕೆ ಕಟ್ಟುಕಟ್ಟಳೆ ಇದೆ.

ಆಸ್ಟ್ರೇಲಿಯಾದ ವಾಯವ್ಯ ಭಾಗದ ಕಿಂಬರ್ಲಿಯಲ್ಲಿ ವಂಜಿನಾ ಅಂತ ಒಂದು ರೂಪವಿದೆ. ಬಾಯಿ ಇಲ್ಲದ ಮುಖ, ದೊಡ್ಡ ಕಣ್ಣು, ತಲೆ ಸುತ್ತ ಪ್ರಭಾವಳಿ. ಮಳೆ ತರುವ ಶಕ್ತಿ ಅಂತ ನಂಬುತ್ತಾರೆ. ಅದನ್ನು ಬರೆಯುವ ಹಕ್ಕು ವರೋರ, ಙರಿನ್ಯಿನ್, ವುನಂಬಲ್ ಜನರಿಗೆ ಮಾತ್ರ. ದೇಶದ ಇನ್ನೊಂದು ತುದಿಯ ಬ್ಲೂ ಮೌಂಟನ್ಸ್‌ನ ಕಟೂಂಬದಲ್ಲಿ, ಒಂದು ಗ್ಯಾಲರಿಯ ಮುಂದೆ 2010ರಲ್ಲಿ ವಂಜಿನಾ ಇರುವ ದೊಡ್ಡ ಕಲ್ಲಿನ ಶಿಲ್ಪ ನಿಲ್ಲಿಸಿದರು. ಮಾಡಿದವರು ಮೂಲನಿವಾಸಿಗಳಲ್ಲ. ಆ ನೆಲದ ದಾರುಗ್ ಜನರೂ ಬೇಡ ಅಂದರು, ಕಿಂಬರ್ಲಿಯವರೂ ಬೇಡ ಅಂದರು. ಕೌನ್ಸಿಲ್ ಅನುಮತಿ ಕೊಡಲಿಲ್ಲ. ಕೋರ್ಟಿಗೆ ಹೋದರೂ ಗ್ಯಾಲರಿಯವರ ವಾದ ನಿಲ್ಲಲಿಲ್ಲ. ಕೆಲವು ರೂಪಗಳನ್ನು ಎಷ್ಟು ದುಡ್ಡು ಕೊಟ್ಟರೂ, ಎಷ್ಟು ಪ್ರೀತಿಯಿಂದ ಬರೆದರೂ ಬಳಸುವ ಹಾಗಿಲ್ಲ. ಡಿಸೈನ್ ಕಾಲೇಜುಗಳಲ್ಲಿ ಇದನ್ನು ಮೊದಲ ವರ್ಷವೇ ಹೇಳಿಕೊಡಬೇಕು.

ಡಾರ್ವಿನ್_ಕನ್ನಡಿಗ:
ಇಷ್ಟು ಜನ ಬೇಡದ್ದನ್ನು ಹೇಳಿದಿರಿ, ಮಾಡಬೇಕಾದದ್ದನ್ನು ನಾನು ಹೇಳುತ್ತೇನೆ. ಅದಕ್ಕೂ ಮುಂಚೆ ಒಂದು ನೋಟಿನ ಕಥೆ. ಇದು ಗ್ರಾಫಿಕ್ ಡಿಸೈನಿನದೇ ಕಥೆ.

1966ರಲ್ಲಿ ಆಸ್ಟ್ರೇಲಿಯಾ ಡಾಲರಿಗೆ ಬದಲಾಯಿತು. ಹೊಸ ಒಂದು ಡಾಲರ್ ನೋಟಿನ ಹಿಂಬದಿಗೆ ಮರದ ತೊಗಟೆ ಮೇಲೆ ಬರೆದ ಚಿತ್ರವೊಂದನ್ನು ಹಾಕಿಕೊಂಡರು. ಯಾರೋ ಹಳೇ ಕಾಲದ, ಹೆಸರಿಲ್ಲದ ಕಲಾವಿದ ಬರೆದದ್ದು ಅಂತ ಅಂದುಕೊಂಡಿದ್ದರು. ನೋಟು ದೇಶದ ತುಂಬ ಓಡಾಡಲು ಶುರುವಾದ ಮೇಲೆ ಗೊತ್ತಾಯಿತು, ಬರೆದವರು ಆರ್ನಮ್ ಲ್ಯಾಂಡಿನ ಡೇವಿಡ್ ಮಲಂಗಿ, ಇನ್ನೂ ಬದುಕಿದ್ದಾರೆ ಅಂತ. ಚಿತ್ರದಲ್ಲಿರುವುದು ಅವರ ಕುಲದ ಮೂಲಪುರುಷ, ಬೇಟೆಗಾರ ಗುರ್‌ಮಿರಿಂಗು ಸತ್ತಾಗ ನಡೆದ ಕ್ರಿಯೆ. ಆಮೇಲೆ ರಿಸರ್ವ್ ಬ್ಯಾಂಕ್ ಗವರ್ನರ್ ಕೂಂಬ್ಸ್ ಅವರೇ ಮುಂದೆ ನಿಂತು 1,000 ಡಾಲರ್, ಒಂದು ಪದಕ, ಮೀನು ಹಿಡಿಯುವ ಸಾಮಾನು ಕೊಡಿಸಿದರು. ದೇಶದ ಪ್ರತಿ ಜೇಬಿನಲ್ಲಿದ್ದ ಚಿತ್ರ ಅದು. "ಹೆಸರಿಲ್ಲ" ಅಂತ ತೀರ್ಮಾನ ಮಾಡಿದ್ದು ಹುಡುಕದೇ ಇದ್ದವರು. ಇವತ್ತು ಸ್ಟಾಕ್ ಸೈಟಿನಲ್ಲಿ "ಟ್ರೈಬಲ್ ಪ್ಯಾಟರ್ನ್" ಅಂತ ಹುಡುಕಿ ಇಳಿಸಿಕೊಳ್ಳುವಾಗಲೂ ಅದೇ ನಡೆಯುತ್ತಿದೆ.

ಯಾರಾ ಅವರೇ, ನೀವು ಮೊದಲು ಮಾಡಬೇಕಾದದ್ದು ಇಷ್ಟೇ. ಒಂದು ಗೆರೆಯನ್ನೂ ಎಳೆಯಬೇಡಿ. ಆ ಕ್ಲಿನಿಕ್ ಇರುವ ಜಾಗ ಯಾರ ನೆಲ ಅಂತ ತಿಳಿದುಕೊಳ್ಳಿ. ವುರುಂಡ್ಜೆರಿಯವರದ್ದಾದರೆ ಅವರದೇ ವುರುಂಡ್ಜೆರಿ ವೊಯ್‌ವುರುಂಗ್ ಕಾರ್ಪೊರೇಷನ್ ಇದೆ, ಅಲ್ಲಿಗೆ ಪತ್ರ ಬರೆಯಿರಿ. ಮೂಲನಿವಾಸಿಗಳೇ ನಡೆಸುವ ಡಿಸೈನ್ ಸ್ಟುಡಿಯೋಗಳು ಬೇಕಾದರೆ ಸಪ್ಲೈ ನೇಷನ್ ಪಟ್ಟಿಯಲ್ಲಿ ಸಿಗುತ್ತವೆ. ಕಲಾವಿದರನ್ನೂ ಸಮುದಾಯವನ್ನೂ ಶುರುವಿನಲ್ಲೇ ಕರೆಯಿರಿ. ಎಲ್ಲ ಮುಗಿಸಿ, "ಇದು ಸರಿ ಇದೆಯಾ ನೋಡಿ" ಅಂತ ಕೊನೆಗೆ ತೋರಿಸುವುದು ಕೇಳಿದ ಹಾಗಲ್ಲ, ಸಹಿ ಹಾಕಿಸಿಕೊಂಡ ಹಾಗೆ. ಆ ಮೊದಲ ಮಾತುಕತೆಗೂ ಅವರಿಗೆ ಸಂಭಾವನೆ ಕೊಡಬೇಕು.

ಯಾರಾ_ದಂಡೆ:
ತುಂಬ ಧನ್ಯವಾದ ಎಲ್ಲರಿಗೂ. ಇದನ್ನೆಲ್ಲ ಕ್ಲೈಂಟ್‌ಗೆ ವಿವರಿಸಿದೆ. ಚುಕ್ಕೆ ಬೇಡ ಅನ್ನುವುದು ಅವರಿಗೂ ಮನಸ್ಸಿಗೆ ಬಂತು. ಈಗ ಅವರು ಕೇಳುತ್ತಿರುವುದು: "ಒಬ್ಬ ಕಲಾವಿದರಿಂದ ಒಂದು ಚಿತ್ರ ಕೊಂಡುಕೊಳ್ಳುತ್ತೇವೆ, ಅದರ ಒಂದು ತುಂಡನ್ನು ನೀವು ಲೋಗೋ ಮಾಡಿಬಿಡಿ." ಇದು ನಡೆಯುತ್ತದಾ? ಅವರಿಗೆ ಬಜೆಟ್ ಕಡಿಮೆ, ಆತುರವೂ ಇದೆ.

ಗೆರೆ_ಬಣ್ಣ:
ಚಿತ್ರ ಕೊಂಡರೆ ಕ್ಯಾನ್ವಾಸ್ ಮಾತ್ರ ನಿಮ್ಮದು. ಲೋಗೋ ಮಾಡಲು ಬೇರೆ ಲೈಸೆನ್ಸ್ ಬೇಕು. ಇನ್ನು ತುಂಡು ಮಾಡುವ ಮಾತು. ಚಿತ್ರದಲ್ಲಿ ಒಂದು ನೀರಿನ ಹೊಂಡ ಇದೆ, ಅದರಿಂದ ನಾಲ್ಕು ದಾರಿ ಹೊರಡುತ್ತವೆ ಅಂತ ಇಟ್ಟುಕೊಳ್ಳಿ. ವಿಸಿಟಿಂಗ್ ಕಾರ್ಡಿನ ಅಂಚಿಗೆ ಹೊಂದಿಸಲು ನೀವು ಹೊಂಡವನ್ನು ಅರ್ಧಕ್ಕೆ ಕತ್ತರಿಸಿದಿರಿ. ನಿಮಗೆ ಅದು ಚೆಂದದ ಕ್ರಾಪ್. ಅವರಿಗೆ ಒಂದು ಜಾಗವನ್ನೇ ಸೀಳಿದ ಹಾಗೆ. ತಿರುಗಿಸುವುದು, ಬಣ್ಣ ಬದಲಿಸುವುದು, ಅದರ ಮೇಲೆ ಅಕ್ಷರ ಹಾಕುವುದು, ಚೆಂಡಿನ ಮೇಲೋ ಕಾಲೊರೆಸಿನ ಮೇಲೋ ಅಚ್ಚು ಹಾಕುವುದು, ಎಲ್ಲಕ್ಕೂ ಇದೇ ಮಾತು.

ಅದಕ್ಕೆ ಕರಾರಿನಲ್ಲಿ ಬಿಡಿಬಿಡಿಯಾಗಿ ಬರೆಯಬೇಕು. ಕಾಪಿರೈಟ್ ಕಲಾವಿದರ ಹತ್ತಿರವೇ ಉಳಿಯುತ್ತದೆ. ಯಾವ ಯಾವ ವಸ್ತುವಿನ ಮೇಲೆ, ಎಷ್ಟು ವರ್ಷಕ್ಕೆ ಬಳಕೆ ಅಂತ ಹೇಳಬೇಕು. ಕಲಾವಿದರು ನೋಡಿ ಒಪ್ಪದೆ ಒಂದು ಮೂಲೆಯನ್ನೂ ಬದಲಿಸುವ ಹಾಗಿಲ್ಲ. ಚಿತ್ರ ಹೋದಲ್ಲೆಲ್ಲ ಅವರ ಹೆಸರು, ಅವರ ಜನರ ಹೆಸರು, ಚಿತ್ರದ ಹೆಸರು ಜೊತೆಗೇ ಹೋಗಬೇಕು. ಕರಪತ್ರದಲ್ಲಿ ಕಾಣದಷ್ಟು ಸಣ್ಣ ಅಕ್ಷರದಲ್ಲಿ ಅಲ್ಲ, ಓದುವ ಹಾಗೆ. ಕಥೆಯ ಎಷ್ಟು ಭಾಗ ಹೊರಗೆ ಹೇಳಬಹುದು ಅನ್ನುವುದನ್ನೂ ಅವರೇ ತೀರ್ಮಾನಿಸಲಿ.

ಇದೆಲ್ಲ ನನ್ನ ತಲೆಯಿಂದ ಬಂದದ್ದಲ್ಲ. ಮೂಲನಿವಾಸಿ ವಕೀಲೆ ಟೆರ್ರಿ ಜಾಂಕೆ ಇದಕ್ಕೆಂದೇ 10 ಸೂತ್ರಗಳನ್ನು ಕೊಟ್ಟಿದ್ದಾರೆ. ಆಸ್ಟ್ರೇಲಿಯನ್ ಇಂಡಿಜಿನಸ್ ಡಿಸೈನ್ ಚಾರ್ಟರ್ ಅಂತ ಡಿಸೈನರುಗಳಿಗೇ ಬರೆದ ಇನ್ನೊಂದು 10 ಅಂಶಗಳ ದಾಖಲೆಯೂ ಇದೆ. ಅದರ ಮೊದಲನೇ ಅಂಶವೇ ಕೆಲಸವನ್ನು ಮೂಲನಿವಾಸಿಗಳು ಮುನ್ನಡೆಸಬೇಕು ಅನ್ನುವುದು. ನಾನು ಹತ್ತರಲ್ಲಿ ಒಂದನ್ನೇ ಇಟ್ಟುಕೋ ಅಂದರೆ ಅದನ್ನೇ ಇಟ್ಟುಕೊಳ್ಳುತ್ತೇನೆ. ಉಳಿದದ್ದು ತಾನಾಗಿ ಹಿಂದೆ ಬರುತ್ತದೆ.

ಹೀಗೆ ಮಾಡಿದರೆ ವಿನ್ಯಾಸ ಸೊರಗುತ್ತದೆ ಅನ್ನುವವರು ಬಾಲರಿಂಜಿಯ ಕೆಲಸ ನೋಡಬೇಕು. ಯಾನ್ಯುವಾ ಜನರ ಜಾನ್ ಮೊರಿಯಾರ್ಟಿ ಮತ್ತು ಅವರ ಪತ್ನಿ ರೋಸ್ 1983ರಲ್ಲಿ ಕಟ್ಟಿದ ಸ್ಟುಡಿಯೋ. 1994ರಲ್ಲಿ ಕ್ವಾಂಟಾಸ್‌ನ ಒಂದು ಇಡೀ 747 ವಿಮಾನವನ್ನು ಕೆಂಪು ಬಣ್ಣದಲ್ಲಿ ಮುಳುಗಿಸಿ, ಮೂತಿಯಿಂದ ಬಾಲದ ತನಕ ಕಾಂಗರೂಗಳ ಕಥೆ ಹಬ್ಬಿಸಿದರು. ಆ ಅಳತೆಯಲ್ಲಿ, ಆ ಧೈರ್ಯದಲ್ಲಿ ಕೆಲಸ ಬರುವುದು ಕಥೆ ಅವರದೇ ಆಗಿದ್ದಾಗ.

ಬಜೆಟ್ ಕಡಿಮೆ ಅಂದರೆ ಕೆಲಸವನ್ನು ಚಿಕ್ಕದು ಮಾಡಿ, ಸಂಭಾವನೆಯನ್ನಲ್ಲ. ಈಗ ಬಾಗಿಲ ಬೋರ್ಡಿಗೆ ಮಾತ್ರ ಕಲಾಕೃತಿ ಮಾಡಿಸಲಿ. ಕರಪತ್ರಕ್ಕೆ ಒಳ್ಳೆಯ ಅಕ್ಷರ, ಸರಳ ವಿನ್ಯಾಸ ಸಾಕು. ಅದು ನಿಮ್ಮ ಕೆಲಸ, ನೀವು ಚೆನ್ನಾಗಿಯೇ ಮಾಡುತ್ತೀರಿ.

ಸ್ಟುಡಿಯೋ_ಬಸವೇಶ್ವರನಗರ:
ಸಾಗರದ ಮೇಡಂ ಮಾತು ನನಗೆ ನಾಟಿತು, ಟೈಲ್ಸ್ ಮಾತು ಓದಿ ತುಂಬ ಬೇಜಾರಾಯಿತು. ಇನ್ನೊಂದು ಅನುಮಾನ ಉಳಿದಿದೆ. ಅಬೊರಿಜಿನಲ್ ಧ್ವಜ ಬರೆದವರು ಮೂಲನಿವಾಸಿಯೇ. ಆದರೂ ಅದರ ಬಗ್ಗೆ ದೊಡ್ಡ ಗಲಾಟೆ ಆಯಿತಲ್ಲ?

ಕರಿಕೋಟು:
ಹೌದು. ಲುರಿಟ್ಜಾ ಜನರ ಹೆರಾಲ್ಡ್ ಥಾಮಸ್ 1971ರಲ್ಲಿ ಆ ಧ್ವಜ ಬರೆದರು. ಮೇಲೆ ಕಪ್ಪು, ಕೆಳಗೆ ಕೆಂಪು, ನಡುವೆ ಹಳದಿ ಸೂರ್ಯ. ಅದೇ ಜುಲೈಯಲ್ಲಿ ಅಡಿಲೇಡ್‌ನಲ್ಲಿ ಮೊದಲ ಸಲ ಹಾರಿತು. 1995ರಲ್ಲಿ ಸರ್ಕಾರ ಮಾನ್ಯತೆ ಕೊಟ್ಟಿತು, 1997ರಲ್ಲಿ ಕೋರ್ಟ್ ಕಾಪಿರೈಟ್ ಅವರದೇ ಅಂದಿತು. ಆಮೇಲೆ ಅವರು ಬಟ್ಟೆಗಳ ಮೇಲೆ ಬಳಸುವ ಹಕ್ಕನ್ನು ಮೂಲನಿವಾಸಿಗಳದ್ದಲ್ಲದ ಒಂದು ಕಂಪನಿಗೆ ಕೊಟ್ಟರು. 2019ರಲ್ಲಿ ಆ ಕಂಪನಿಯಿಂದ ಮೂಲನಿವಾಸಿಗಳ ಸಣ್ಣ ಉದ್ಯಮಗಳಿಗೇ ನೋಟಿಸು ಹೋಯಿತು. ತಮ್ಮದೇ ಧ್ವಜದ ಟೀ ಶರ್ಟ್ ಮಾಡಲು ಅವರು ಅಪ್ಪಣೆ ಕೇಳಬೇಕಾಯಿತು. ದೊಡ್ಡ ಚಳವಳಿ ನಡೆಯಿತು. 2022ರ ಜನವರಿಯಲ್ಲಿ ಸರ್ಕಾರ ಎರಡು ಕೋಟಿಗೂ ಜಾಸ್ತಿ ಡಾಲರ್ ಕೊಟ್ಟು ಹಕ್ಕುಗಳನ್ನು ಕೊಂಡು, ಧ್ವಜವನ್ನು ಯಾರು ಬೇಕಾದರೂ ಬಳಸಬಹುದು ಅಂತ ಬಿಟ್ಟಿತು.

ಕಲಾವಿದರ ಹಕ್ಕು ಕಲಾವಿದರದ್ದೇ, ಅದನ್ನು ನಾನು ಪ್ರಶ್ನೆ ಮಾಡುವುದಿಲ್ಲ. ಆದರೆ ಒಂದು ಗುರುತು ಇಡೀ ಜನಕ್ಕೆ ಸೇರಿದ್ದಾದಾಗ ಒಬ್ಬರ ಸಹಿ ಸಾಕಾಗುವುದಿಲ್ಲ. ಹಿರಿಯರು, ಸಮುದಾಯದ ಸಂಸ್ಥೆ, ಕಲಾವಿದರು, ಮೂವರನ್ನೂ ಕೂರಿಸಿಕೊಂಡು ಮಾತಾಡಿ. ಮುಂದೆ ಲೈಸೆನ್ಸ್ ಬೇರೆಯವರ ಕೈಗೆ ಹೋಗಬಾರದು ಅಂತಿದ್ದರೆ ಅದನ್ನೂ ಕರಾರಿನಲ್ಲೇ ಬರೆಯಿರಿ.

ಸಾಗರದ_ಹುಡುಗಿ:
ಎಐ ಬಗ್ಗೆ ಯಾರೂ ಹೇಳಲಿಲ್ಲ. ಈಗ "ಚಿತ್ತಾರ ಸ್ಟೈಲ್" ಅಂತ ಟೈಪ್ ಮಾಡಿದರೆ ಏನೋ ಒಂದು ಬರುತ್ತದೆ. ಗೆರೆ ಲೆಕ್ಕವೇ ತಪ್ಪಿರುತ್ತದೆ.

ಡಾರ್ವಿನ್_ಕನ್ನಡಿಗ:
ಇಲ್ಲೂ ಅದೇ ಕಾಟ. ಚುಕ್ಕೆ, ಹಲ್ಲಿ, ಅರ್ಧಂಬರ್ಧ ವಂಜಿನಾ, ಎಲ್ಲ ಕಲಸಿ ಒಂದೇ ಹಾಳೆಯಲ್ಲಿ. ಆರ್ನಮ್ ಲ್ಯಾಂಡಿನ ಜನ ರಾರ್ಕ್ ಅನ್ನುವ ಅಡ್ಡಗೆರೆಗಳ ಜಾಲವನ್ನು ಕೂದಲಿನಷ್ಟು ತೆಳುವಾಗಿ ಎಳೆಯುತ್ತಾರೆ. ಆ ಗೆರೆಗಳ ಜೋಡಣೆ ನೋಡಿಯೇ ಯಾವ ಕುಲದ್ದು ಅಂತ ತಿಳಿದವರು ಹೇಳುತ್ತಾರೆ. ಯಂತ್ರ ಹೊರಹಾಕುವ ಜಾಲ ಯಾವ ಕುಲದ್ದೂ ಅಲ್ಲ. ಕೇಳಲು ಯಾರೂ ಇಲ್ಲ, ದುಡ್ಡು ತಲುಪಲು ಯಾರೂ ಇಲ್ಲ. ಅದಕ್ಕೇ ನಾನು ಬೇಡ ಅನ್ನುವುದು, ರೆಫರೆನ್ಸ್‌ಗೂ ಬೇಡ.

ಯಾರಾ_ದಂಡೆ:
ಕೊನೆಯದಾಗಿ ಒಂದು. ಬಾಗಿಲ ಬೋರ್ಡಿನಲ್ಲಿ ಇಲ್ಲಿನ ಭಾಷೆಯಲ್ಲಿ ಸ್ವಾಗತ ಹೇಳುವ "ವೊಮಿನ್‌ಜೆಕಾ" ಹಾಕೋಣ ಅಂತ ಕ್ಲೈಂಟ್ ಹೇಳುತ್ತಿದ್ದಾರೆ. ಊರಲ್ಲಿ ಬೇಕಾದಷ್ಟು ಕಡೆ ನೋಡಿದ್ದೇನೆ. ಅದನ್ನಾದರೂ ಹಾಕಬಹುದಾ?

ಡಾರ್ವಿನ್_ಕನ್ನಡಿಗ:
ಬೇರೆ ಕಡೆ ಇದೆ ಅಂತ ಹಾಕಬೇಡಿ. ವುರುಂಡ್ಜೆರಿ ಕಾರ್ಪೊರೇಷನ್‌ಗೆ ಬರೆಯುವ ಪತ್ರದಲ್ಲೇ ಇದನ್ನೂ ಸೇರಿಸಿ. ಭಾಷೆಯ ವಿಷಯಕ್ಕೆ ವಿಕ್ಟೋರಿಯಾದಲ್ಲಿ ಮೂಲನಿವಾಸಿಗಳದೇ ಭಾಷಾ ಸಂಸ್ಥೆಯೂ ಇದೆ, ಅವರನ್ನೂ ಕೇಳಬಹುದು. ಯಾವ ಕಾಗುಣಿತ ಬಳಸಬೇಕು, ಬೋರ್ಡಿನ ಮೇಲೆ ಎಲ್ಲಿ ಬರಬೇಕು, ಇಂಗ್ಲಿಷಿಗಿಂತ ಮೇಲೆಯೋ ಕೆಳಗೆಯೋ, ಎಲ್ಲ ಕೇಳಿ. ಉತ್ತರ ಬರಲು ಸಮಯ ಹಿಡಿಯುತ್ತದೆ, ಅವರಿಗೆ ಇಂಥ ಪತ್ರಗಳು ರಾಶಿ ಬರುತ್ತವೆ. ಬೋರ್ಡು ಅಚ್ಚಿಗೆ ಕೊಡುವ ದಿನವನ್ನು ಈಗಲೇ ಮುಂದಕ್ಕೆ ಹಾಕಿಸಿಕೊಳ್ಳಿ.